ಟೌನ್ ಹಾಲ್ ಮೆಟ್ಟಿಲು ಯಾರದು?

ಬೆಂಗಳೂರಿನ ಟೌನ್ ಹಾಲನ್ನು ನಾನು ಮೊದಲು ನೋಡಿದ್ದು ಪೇಪರಿನಲ್ಲಿ. ನಮ್ಮೂರಿಗೆ ಪೇಪರ್ ಬೆಳಗಿನ ಬಸ್ಸಿನಲ್ಲಿ ಬರುತ್ತಿತ್ತು. ಬೆಂಗಳೂರು ಸುದ್ದಿಯ ಪುಟದಲ್ಲಿ ಆಗಾಗ ಒಂದೇ ಥರದ ಫೋಟೋ ಇರುತ್ತಿತ್ತು. ಮುಂದೆ ಒಂದಿಷ್ಟು ಜನ, ಅವರ ಕೈಯಲ್ಲಿ ಬ್ಯಾನರ್, ಯಾರದೋ ಎತ್ತಿದ ಮುಷ್ಟಿ. ಹಿಂದೆ ಅಗಲವಾದ ಮೆಟ್ಟಿಲು, ಎತ್ತರದ ದಪ್ಪ ಕಂಬಗಳು. ಕೆಳಗೆ ಒಂದು ಸಾಲು: ಇಂಥವರು ಇಂಥದ್ದನ್ನು ಒತ್ತಾಯಿಸಿ ಪುರಭವನದ ಮುಂದೆ ಪ್ರತಿಭಟನೆ ನಡೆಸಿದರು. ಜನ ಬದಲಾಗುತ್ತಿದ್ದರು, ಬ್ಯಾನರ್ ಬದಲಾಗುತ್ತಿತ್ತು. ಒಂದು ದಿನ ರೈತರು, ಇನ್ನೊಂದು ದಿನ ಕನ್ನಡ ಸಂಘಟನೆಯವರು, ಮತ್ತೊಂದು ದಿನ ಅಂಗನವಾಡಿ ಕಾರ್ಯಕರ್ತೆಯರು. ಕಂಬಗಳು ಮಾತ್ರ ಅವೇ. ಆ ಕಟ್ಟಡದ ಬಗ್ಗೆಯೇ ಒಂದು ಸುದ್ದಿ ಬಂದದ್ದು ನನಗೆ ನೆನಪಿಲ್ಲ. ಅದು ಯಾವಾಗಲೂ ಯಾರದೋ ಬೆನ್ನ ಹಿಂದೆ ಇರುತ್ತಿತ್ತು.

ಈಗ ಆ ಕಂಬಗಳು ಫೋಟೋದಿಂದ ಹೆಚ್ಚುಕಡಿಮೆ ಮಾಯವಾಗಿವೆ. ಕೆಲವು ವರ್ಷಗಳಿಂದ ಬೆಂಗಳೂರಿನ ಪ್ರತಿಭಟನೆಯ ಫೋಟೋ ಎಂದರೆ ಫ್ರೀಡಂ ಪಾರ್ಕಿನ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸ್. ಬಸ್ಸಿನಲ್ಲಿ ಹೋಗುವಾಗ ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ನಾನು ಅಭ್ಯಾಸದಂತೆ ಆ ಕಡೆ ತಿರುಗುತ್ತೇನೆ. ಮೆಟ್ಟಿಲು ಖಾಲಿ ಇರುತ್ತದೆ. ಊರಿನ ನಟ್ಟನಡುವೆ, ಮಾರ್ಕೆಟ್ಟಿನ ಪಕ್ಕದಲ್ಲಿ, ಇಷ್ಟು ಜನ ಓಡಾಡುವ ಜಾಗದಲ್ಲಿ ಅಷ್ಟು ದೊಡ್ಡ ಮೆಟ್ಟಿಲು ಖಾಲಿ ಇರುವುದು ನನಗೆ ಸರಿ ಕಾಣುವುದಿಲ್ಲ. ಯಾಕೆ ಸರಿ ಕಾಣುವುದಿಲ್ಲ ಎಂದು ನನಗೇ ಬಿಡಿಸಿ ಹೇಳಿಕೊಳ್ಳಬೇಕು ಅನ್ನಿಸಿತು. ಅದಕ್ಕೇ ಈ ಬರಹ.

ಎರಡು ಊರು, ಎರಡು ಹಾಲ್

ಟೌನ್ ಹಾಲ್ ಅಂದ ತಕ್ಷಣ ‘ಬ್ರಿಟಿಷರು ಕಟ್ಟಿದ್ದು’ ಎನ್ನುವವರು ಬಹಳ ಜನ. ಕಂಬ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಇದು ಬ್ರಿಟಿಷರು ಕಟ್ಟಿದ ಕಟ್ಟಡ ಅಲ್ಲ. ಅದು ಹೇಗೆ ಎಂದು ತಿಳಿಯಲು ಆಗಿನ ಬೆಂಗಳೂರು ಒಂದು ಊರಲ್ಲ, ಎರಡು ಊರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಹಳೇ ಊರಾದ ಪೇಟೆ ಒಂದು, ಬ್ರಿಟಿಷರ ಸೈನ್ಯ ನೆಲೆಸಿದ್ದ ದಂಡು (ಕಂಟೋನ್ಮೆಂಟ್) ಇನ್ನೊಂದು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ ಆಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ ಪೇಟೆ ಮಹಾರಾಜರ ಆಡಳಿತಕ್ಕೆ ಸೇರಿತು. ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು.

ದಂಡಿನವರು ತಮ್ಮ ಹಾಲನ್ನು ಬೇಗ ಕಟ್ಟಿಕೊಂಡರು. ಎಂ.ಜಿ. ರಸ್ತೆಯ ಕೊನೆಯಲ್ಲಿ ಇವತ್ತೂ ನಿಂತಿರುವ ಮೇಯೋ ಹಾಲ್ ಅದು. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ಹೆಸರಿನಲ್ಲಿ 1883ರಲ್ಲಿ ತೆರೆದದ್ದು. ದಂಡಿನ ಮುನಿಸಿಪಾಲಿಟಿಯ ಕಚೇರಿ ಅಲ್ಲೇ ಇತ್ತು. ಮೈಸೂರಿನಲ್ಲೂ ಅದರ ಮರುವರ್ಷ, 1884ರಲ್ಲಿ, ರಂಗಾಚಾರ್ಲು ಸ್ಮಾರಕ ಭವನ ಎದ್ದಿತು. ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ ದಿವಾನ ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡಿದ್ದರು. ಮೈಸೂರಿನವರು ಟೌನ್ ಹಾಲ್ ಎನ್ನುವುದು ಅದನ್ನೇ. ಒಂದು ಊರು ಸತ್ತ ವೈಸರಾಯ್ ನೆನಪಿಗೆ ಕಟ್ಟಿತು, ಇನ್ನೊಂದು ಊರು ಪ್ರಜೆಗಳ ಸಭೆ ಕರೆದ ದಿವಾನನ ನೆನಪಿಗೆ ಕಟ್ಟಿತು. ಎರಡಕ್ಕೂ ಒಂದು ವರ್ಷದ ಅಂತರ. ನನಗೆ ಈ ಎರಡು ಕಟ್ಟಡಗಳನ್ನು ಒಟ್ಟಿಗೆ ನೆನೆದಾಗಲೆಲ್ಲ ಆ ಕಾಲದ ಮೈಸೂರು ರಾಜ್ಯದ ಬಗ್ಗೆ ಗೌರವ ಹೆಚ್ಚುತ್ತದೆ.

ಬೆಂಗಳೂರು ಪೇಟೆಗೆ ಮಾತ್ರ ತನ್ನದೊಂದು ಹಾಲ್ ಸಿಗಲು ಇನ್ನೂ ಐವತ್ತು ವರ್ಷ ಬೇಕಾಯಿತು. 1933ರ ಮಾರ್ಚ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1935ರ ಸೆಪ್ಟೆಂಬರ್ 11ರಂದು ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಕಟ್ಟಡ ತೆರೆದರು. ಎರಡೂವರೆ ವರ್ಷದ ಕೆಲಸ. 1931ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ ಸುಮಾರು 3 ಲಕ್ಷ ಜನ ಇದ್ದರು. ಇವತ್ತಿನ ಒಂದೆರಡು ವಿಧಾನಸಭಾ ಕ್ಷೇತ್ರದಷ್ಟು. ಆ ಊರಿಗೆ ತಿಪ್ಪಗೊಂಡನಹಳ್ಳಿಯ ನೀರು ಬಂದದ್ದೂ ಅದೇ 1933ರ ಹೊತ್ತಿಗೆ. ಕುಡಿಯುವ ನೀರಿಗೆ ಒಂದು ಅಣೆಕಟ್ಟು, ಜನ ಸೇರಲು ಒಂದು ಹಾಲ್. ಎರಡೂ ಊರಿಗೆ ಬೇಕು ಎಂದು ಒಂದೇ ಕಾಲದ ಜನ ಯೋಚಿಸಿದ್ದರು ಎನ್ನುವುದು ನನಗೆ ತುಂಬ ಹಿಡಿಸುತ್ತದೆ.

ಹಾಲಿಗೆ ಇರುವ ಹೆಸರು ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರದು. 1856ರಲ್ಲಿ ಹುಟ್ಟಿದವರು, ಹಾಲ್ ತೆರೆದ ಮೂರು ವರ್ಷಕ್ಕೆ, 1938ರಲ್ಲಿ ತೀರಿಕೊಂಡರು. ಮೈಸೂರು ಸರ್ಕಾರದ ಕೌನ್ಸಿಲ್ ಸದಸ್ಯರಾಗಿದ್ದರು, ಬೆಂಗಳೂರು ಸಿಟಿ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಮೈಸೂರು ಬ್ಯಾಂಕಿನ ಶುರುವಿನ ದಿನಗಳಲ್ಲಿ ಅದರ ನಿರ್ದೇಶಕರ ಮಂಡಳಿಯಲ್ಲೂ ಇದ್ದರು. ಇಲ್ಲೊಂದು ಸಣ್ಣ ಮಾತು ಹೇಳಬೇಕು. ಬೆಂಗಳೂರಿನಲ್ಲಿ ಜನ ಘೋಷಣೆ ಕೂಗಲು ಸೇರುತ್ತಿದ್ದ ಜಾಗಗಳಲ್ಲಿ ಟೌನ್ ಹಾಲ್ ಬಿಟ್ಟರೆ ಎದ್ದು ಕಾಣುವ ಇನ್ನೊಂದು ಮೈಸೂರು ಬ್ಯಾಂಕ್ ಸರ್ಕಲ್. 1942ರ ಚಳವಳಿಯಲ್ಲಿ ಗುಂಡೇಟಿಗೆ ಸತ್ತವರ ಸ್ಮಾರಕ ಅಲ್ಲಿದೆ. ಪುಟ್ಟಣ್ಣ ಚೆಟ್ಟಿಯವರು ಕಂಡದ್ದು ಒಂದು ಬ್ಯಾಂಕು, ಒಂದು ಹಾಲ್. ಮುಂದಿನ ಪೀಳಿಗೆಗಳು ಆ ಎರಡರ ಮುಂದಿನ ರಸ್ತೆಯನ್ನು ತಮ್ಮದು ಮಾಡಿಕೊಂಡವು.

ಇನ್ನು ಕಟ್ಟಡದ ರೂಪ. ಟಸ್ಕನ್ ಶೈಲಿಯ ಕಂಬಗಳು, ಅವುಗಳ ಮೇಲೆ ತ್ರಿಕೋನದ ಮುಡಿ, ಕೆಳಗೆ ರಸ್ತೆಗೆ ಇಳಿಯುವ ಮೆಟ್ಟಿಲು. ಎಲ್ಲ ಯೂರೋಪಿನದೇ. ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಎದ್ದ ಕಾಲದಿಂದ ಸರ್ಕಾರಿ ಕಟ್ಟಡ ಎಂದರೆ ಹೀಗೇ ಇರಬೇಕು ಎಂಬ ರೂಢಿ ಇಲ್ಲಿ ಬೆಳೆದಿತ್ತು. ಆ ರೂಢಿಯ ಕೊನೆಯ ದೊಡ್ಡ ಕಟ್ಟಡಗಳಲ್ಲಿ ಟೌನ್ ಹಾಲ್ ಒಂದು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿ ಬೇರೆಯೇ ದಾರಿ ತೋರಿಸಿದರು. 1956ರಲ್ಲಿ ಅದು ಮುಗಿದ ಮೇಲೆ ಬೆಂಗಳೂರಿನ ಗುರುತು ಯಾವುದು ಎಂದು ಯಾರೂ ಕೇಳಬೇಕಾಗಿ ಬರಲಿಲ್ಲ. ಅಂಚೆ ಕಾರ್ಡು, ಕ್ಯಾಲೆಂಡರ್, ಸಿನಿಮಾ ಎಲ್ಲ ಕಡೆ ವಿಧಾನಸೌಧ. ಟೌನ್ ಹಾಲನ್ನು ಯಾರೂ ಕ್ಯಾಲೆಂಡರಿಗೆ ಹಾಕಲಿಲ್ಲ. ಆದರೂ ಅದು ಊರಿನ ಗುರುತಾಗಿ ಉಳಿಯಿತು. ಚಂದಕ್ಕಲ್ಲ, ಬಳಕೆಗೆ. ವಸಾಹತು ಕಾಲದ ಕಟ್ಟಡ ಎಂದು ಇದನ್ನು ಬದಿಗೆ ತಳ್ಳುವವರ ಜೊತೆ ನಾನು ಒಪ್ಪದೇ ಇರುವುದು ಇದಕ್ಕೇ. ಕಂಬದ ನಮೂನೆ ಎಲ್ಲಿಂದಲಾದರೂ ಬಂದಿರಲಿ, ಮೆಟ್ಟಿಲ ಮೇಲೆ ನಿಂತವರು ನಮ್ಮವರು ಅಲ್ವಾ?

ಒಳಗೆ

ನಾನು ಮೊದಲ ಸಲ ಒಳಗೆ ಹೋದದ್ದು ಮಾವನ ಜೊತೆ. ಅಮ್ಮನ ತಮ್ಮ. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನವೆಂಬರ್ ಬಂತೆಂದರೆ ಬೆಂಗಳೂರಿನ ಕಾರ್ಖಾನೆಗಳ ಕನ್ನಡ ಸಂಘಗಳಿಗೆ ಹಬ್ಬ. ರಾಜ್ಯೋತ್ಸವ ಎಂದರೆ ಒಂದು ದಿನ ಅಲ್ಲ, ತಿಂಗಳಿಡೀ. ಅವರ ಸಂಘ ಆ ವರ್ಷ ಟೌನ್ ಹಾಲ್ ಹಿಡಿದಿತ್ತು. ಮೊದಲು ಭಾಷಣ, ಆಮೇಲೆ ಭಾವಗೀತೆ, ಕೊನೆಗೆ ಕಾರ್ಮಿಕರೇ ಆಡುವ ನಾಟಕ. ಮಾವ ಆ ನಾಟಕದಲ್ಲಿ ಪೊಲೀಸ್ ಪೇದೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ ಒಳಗೆ ಹೋದರು.

ಎತ್ತರದ ಚಾವಣಿ ನನಗೆ ಇವತ್ತೂ ಕಣ್ಣಿಗೆ ಕಟ್ಟಿದೆ. ನಮ್ಮೂರ ದೇವಸ್ಥಾನ ಬಿಟ್ಟರೆ ಅಷ್ಟು ಎತ್ತರದ ಮಾಡಿನ ಕೆಳಗೆ ನಾನು ಅದುವರೆಗೆ ಕೂತಿರಲಿಲ್ಲ. ಹೊರಗಿನ ಹಾರ್ನ್ ಸದ್ದು ಒಳಗೆ ಬರುತ್ತಲೇ ಇತ್ತು. ಭಾಷಣ ಮಾಡುತ್ತಿದ್ದ ಹಿರಿಯರು ಹಾರ್ನ್ ಜೋರಾದಾಗ ಸ್ವಲ್ಪ ನಿಲ್ಲಿಸುತ್ತಿದ್ದರು, ಮತ್ತೆ ಶುರು ಮಾಡುತ್ತಿದ್ದರು. ಯಾರಿಗೂ ಅದರಿಂದ ಕಿರಿಕಿರಿ ಆದಂತೆ ಕಾಣಲಿಲ್ಲ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಬುತ್ತಿ ತಂದವರೂ ಇದ್ದರು. ಪಾತ್ರಧಾರಿ ಮಾತು ಮರೆತಾಗ ಕೆಳಗೆ ಕೂತ ಗೆಳೆಯರು ಜೋರಾಗಿ ಹೇಳಿಕೊಟ್ಟರು.

ಮಧ್ಯಂತರದಲ್ಲಿ ಮಾವ ಪೇದೆಯ ಟೋಪಿಯಲ್ಲೇ ಹೊರಗೆ ಕರೆದುಕೊಂಡು ಬಂದರು. ಮೆಟ್ಟಿಲ ಮೇಲೆ ಕೂತು ಟೀ ಕುಡಿದೆವು. ಎದುರಿಗೆ ದೀಪ ಹೊತ್ತಿದ ಬಸ್ಸುಗಳು. ಮಾವ ಕೈ ತೋರಿಸಿ ಹೇಳಿದರು, “ಸ್ಟ್ರೈಕ್ ಟೈಮಲ್ಲಿ ಇಲ್ಲೇ ಕೂರ್ತಿದ್ವಿ ಕಣೋ. ಒಳಗೆ ಬರಬೇಕಾದ್ರೆ ಸಂಘ ಬಾಡಿಗೆ ಕಟ್ಟಬೇಕು. ಇಲ್ಲಿ ಹಂಗೇ ಬರಬಹುದು.” ಸ್ಟ್ರೈಕ್ ಅಂದರೆ 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ. ಬೆಂಗಳೂರಿನ ಹಳೇ ಕಾರ್ಖಾನೆ ಕಾರ್ಮಿಕರು ಯಾರೇ ಸಿಗಲಿ, ಅವರಿಗೆ ಆ 77 ಎಂಬ ಅಂಕಿ ಬಾಯಿಪಾಠ. ಸಂಬಳ ಇಲ್ಲದ ಆ ದಿನಗಳಲ್ಲಿ ಅಜ್ಜಿ ಊರಿಂದ ಅಕ್ಕಿ ಕಳಿಸಿದ ಕತೆ ನಮ್ಮ ಮನೆಯಲ್ಲಿ ಈಗಲೂ ಆಗಾಗ ಬರುತ್ತದೆ.

ಒಳಗಿನ ಹಾಲ್ ತನ್ನ ಮಹತ್ವವನ್ನು ನಿಧಾನಕ್ಕೆ ಕಳೆದುಕೊಂಡಿತು. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. 1963ರಲ್ಲಿ ಜೆ.ಸಿ. ರಸ್ತೆಯಲ್ಲಿ, ಕೂಗಳತೆ ದೂರದಲ್ಲಿ, ರವೀಂದ್ರ ಕಲಾಕ್ಷೇತ್ರ ಬಂತು. ಟ್ಯಾಗೋರರ ಜನ್ಮಶತಮಾನದ ನೆನಪಿಗೆ ಕಟ್ಟಿದ್ದು. ನಾಟಕಕ್ಕೆಂದೇ ಮಾಡಿದ ರಂಗಮಂದಿರ ಸಿಕ್ಕ ಮೇಲೆ ನಾಟಕದವರು ಅಲ್ಲಿಗೆ ಹೋದರು. ಆಮೇಲೆ ಅದೇ ಆವರಣದ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದ ನಯನ. ಬಡಾವಣೆಗಳಲ್ಲಿ ಹೊಸ ಹೊಸ ಸಭಾಂಗಣಗಳು. 1999ರಲ್ಲಿ ಸಿರ್ಸಿ ಸರ್ಕಲ್ಲಿನಿಂದ ಮಾರ್ಕೆಟ್ ದಾಟಿ ಈ ಕಡೆಗೆ ಮೇಲ್ಸೇತುವೆ ಬಂದ ಮೇಲಂತೂ ಟೌನ್ ಹಾಲ್ ಸುತ್ತ ವಾಹನ ಜಾಸ್ತಿಯಾಯಿತು. ಕಾರು ನಿಲ್ಲಿಸಲು ಜಾಗ ಇಲ್ಲದ ಕಡೆ ಕಾರ್ಯಕ್ರಮ ಇಟ್ಟುಕೊಳ್ಳಲು ಈಗ ಯಾರೂ ಒಪ್ಪುವುದಿಲ್ಲ. ನಡುನಡುವೆ ದುರಸ್ತಿ ಆಯಿತು, ಸುಣ್ಣಬಣ್ಣ ಆಯಿತು. ಈಗಲೂ ಒಳಗೆ ಸಮಾರಂಭಗಳು ನಡೆಯುತ್ತವೆ. ಆದರೆ ‘ಟೌನ್ ಹಾಲಿನಲ್ಲಿ ಏನಿದೆ ಇವತ್ತು?’ ಎಂದು ಕೇಳಿದರೆ ಬೆಂಗಳೂರಿನವರು ಮೊದಲು ಯೋಚಿಸುವುದು ಹೊರಗಿನದನ್ನು.

ಹೊರಗೆ

ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಕೆಲವು ವರ್ಷ ನಾನು ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದೆ. ಸ್ಪೇರ್ ಪಾರ್ಟ್ಸ್ ಅಂಗಡಿಗಳ ನಡುವೆ ನಮ್ಮದು. ಸಂಜೆ ಮಾರ್ಕೆಟ್ಟಿಗೆ ಹೋಗಿ ಬಸ್ಸು ಹಿಡಿಯಬೇಕಾದರೆ ಟೌನ್ ಹಾಲ್ ದಾಟಲೇಬೇಕು. ಹಾಗಾಗಿ ಬೆಂಗಳೂರಿನ ಸಿಟ್ಟುಗಳೆಲ್ಲ ನನಗೆ ದಾರಿಯಲ್ಲಿ ಸಿಕ್ಕವು. ಯಾವ ಪಕ್ಷ, ಯಾವ ಬಣ್ಣದ ಬಾವುಟ ಎಂಬ ಭೇದ ಆ ಮೆಟ್ಟಿಲಿಗೆ ಇರಲಿಲ್ಲ. ಒಂದೇ ವಾರದಲ್ಲಿ ಎದುರೆದುರು ನಿಲ್ಲುವ ಎರಡು ಗುಂಪುಗಳು ಅದೇ ಮೆಟ್ಟಿಲ ಮೇಲೆ ಬೇರೆ ಬೇರೆ ದಿನ ನಿಂತದ್ದನ್ನು ಕಂಡಿದ್ದೇನೆ.

ಅವುಗಳಲ್ಲಿ ಒಂದು ಸಂಜೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮಳೆ ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಆಫೀಸು ಕಟ್ಟಡಗಳಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುವವರು. ಗುತ್ತಿಗೆದಾರ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಮೈಕ್ ಇಲ್ಲ, ನಾಯಕರಿಲ್ಲ. ರಟ್ಟಿನ ಮೇಲೆ ಕೈಯಲ್ಲಿ ಬರೆದ ನಾಲ್ಕೈದು ಫಲಕ. ಮಳೆಗೆ ಅಕ್ಷರ ಸ್ವಲ್ಪ ಹರಿದಿತ್ತು. ಮಾರ್ಕೆಟ್ ಕಡೆಯಿಂದ ಬಂದ ವಯಸ್ಸಾದ ಗಂಡಹೆಂಡತಿ ನನ್ನ ಪಕ್ಕ ನಿಂತರು. ಗಂಡನ ತಲೆ ಮೇಲೆ ಸೇವಂತಿಗೆಯ ಮೂಟೆ. ಅವರು ಫಲಕದಲ್ಲಿದ್ದದ್ದನ್ನು ಒಂದೊಂದೇ ಪದ ಬಿಡಿಸಿ ಹೆಂಡತಿಗೆ ಓದಿ ಹೇಳಿದರು. ಆಕೆ ನೇರ ಮೆಟ್ಟಿಲ ಹತ್ತಿರ ಹೋಗಿ ಕೇಳಿದರು, “ಎಷ್ಟು ತಿಂಗ್ಳಿಂದ ಕೊಟ್ಟಿಲ್ಲಮ್ಮ?”

“ಮೂರು ತಿಂಗ್ಳಾಯ್ತು ಅಜ್ಜಿ.”

“ಬಾಡಿಗೆ ಹೆಂಗ್ ಕಟ್ತೀರಿ ಮತ್ತೆ?”

ಆ ಪ್ರಶ್ನೆಗೆ ಉತ್ತರ ಹೇಳಲು ನಾಲ್ಕು ಜನ ಒಟ್ಟಿಗೆ ಬಾಯಿ ತೆರೆದರು. ಅಷ್ಟೊತ್ತು ಘೋಷಣೆ ಕೂಗಿ ಸೋತಿದ್ದವರು ಈಗ ಮಾತಾಡತೊಡಗಿದರು. ಬಾಡಿಗೆ, ಸ್ಕೂಲ್ ಫೀಸು, ಚೀಟಿ ಹಣ, ಮೇಸ್ತ್ರಿಯ ಬೈಗುಳ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಇಬ್ಬರು ಮೂವರು ತಲೆ ಹೊರಗೆ ಹಾಕಿ ಕೇಳಿಸಿಕೊಂಡರು. ಒಬ್ಬ ಆಟೋದವರು ಗಾಡಿ ಬದಿಗೆ ಹಾಕಿ ಬಂದರು. ತಮ್ಮ ಹೆಂಡತಿಗೂ ಬೇರೆ ಕಡೆ ಇದೇ ಗತಿ ಅಂದರು. ಮೆಟ್ಟಿಲ ಮೇಲಿದ್ದ ಹೆಂಗಸರಲ್ಲಿ ಒಬ್ಬಾಕೆ ಕೂಡಲೇ ಅವರ ಫೋನ್ ನಂಬರ್ ತಗೊಂಡರು. ಅರ್ಧ ಗಂಟೆ ಅಷ್ಟೇ. ಆ ಮೂಟೆ ಹೊತ್ತವರು ಅಷ್ಟೂ ಹೊತ್ತು ಮೂಟೆ ಇಳಿಸಿರಲಿಲ್ಲ.

ಅವರ ಸಂಬಳ ಆಮೇಲೆ ಬಂತೋ ಇಲ್ಲವೋ ತಿಳಿಯಲಿಲ್ಲ. ನಾನು ಇಲ್ಲಿ ಹೇಳಬೇಕೆಂದಿರುವುದು ಬೇರೆ. ಆ ಅಜ್ಜಿ ಪ್ರತಿಭಟನೆ ನೋಡಲು ಬಂದವರಲ್ಲ. ಹೂ ಕೊಂಡು ಮನೆಗೆ ಹೊರಟಿದ್ದವರು. ಬಸ್ಸಿನಲ್ಲಿದ್ದವರು, ಆಟೋದವರು, ನಾನು, ಯಾರೂ ಅದಕ್ಕೆಂದು ಬಂದವರಲ್ಲ. ಟೌನ್ ಹಾಲ್ ಮೆಟ್ಟಿಲಿನ ಶಕ್ತಿ ಇರುವುದು ಇಲ್ಲಿ. ನಿನ್ನ ಕಷ್ಟ ಗೊತ್ತಿಲ್ಲದವನ ಕಣ್ಣಿಗೆ, ಅವನು ಬೇರೆ ಕೆಲಸದ ಮೇಲೆ ಹೋಗುತ್ತಿರುವಾಗ, ನಿನ್ನ ಕಷ್ಟ ಬೀಳುತ್ತದೆ. ಸರ್ಕಾರಕ್ಕೆ ಮನವಿ ಕೊಡುವುದು ಒಂದು ಕೆಲಸ. ಜೊತೆಯ ಊರಿನವರಿಗೆ ಹೇಳುವುದು ಇನ್ನೊಂದು ಕೆಲಸ. ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಬಲ ಬರುವುದಿಲ್ಲ.

ಆ ಜಾಗ ಅದಕ್ಕೆ ಹೇಳಿ ಮಾಡಿಸಿದಂತಿದೆ. ಜೆ.ಸಿ. ರಸ್ತೆ, ಎನ್.ಆರ್. ರಸ್ತೆ, ಎಸ್.ಜೆ.ಪಿ. ರಸ್ತೆ ಹತ್ತಿರ ಬರುವ ಕಡೆ ಅದು. ಒಂದು ಕಡೆ ಮಾರ್ಕೆಟ್ಟು, ಇನ್ನೊಂದು ಕಡೆ ಹಡ್ಸನ್ ಸರ್ಕಲ್, ಕಾರ್ಪೊರೇಷನ್ ಕಚೇರಿ. ಸ್ವಾತಂತ್ರ್ಯ ಚಳವಳಿಯ ಸಭೆಗಳು ನಡೆಯುತ್ತಿದ್ದ ಬನ್ನಪ್ಪ ಪಾರ್ಕೂ ಹತ್ತಿರದಲ್ಲೇ. ಮೆಟ್ಟಿಲು ನೆಲದಿಂದ ಎತ್ತರಕ್ಕೆ ಹೋಗುವುದರಿಂದ ಇಪ್ಪತ್ತು ಜನ ನಿಂತರೂ ಹಿಂದಿನ ಸಾಲಿನವರ ಮುಖ ಕಾಣುತ್ತದೆ. ಬಯಲಿನಲ್ಲಿ ಇಪ್ಪತ್ತು ಜನ ನಿಂತರೆ ಯಾರೂ ಇಲ್ಲ ಎಂಬಂತೆ ಇರುತ್ತದೆ. ದೊಡ್ಡ ಸಂಘಟನೆಗಳಿಗೆ ಇದು ಅಷ್ಟು ಮುಖ್ಯ ಅಲ್ಲ. ಅವರು ಎಲ್ಲಿ ನಿಂತರೂ ಕ್ಯಾಮೆರಾ ಬರುತ್ತದೆ. ಸಣ್ಣ ಗುಂಪಿಗೆ, ಹಣ ಇಲ್ಲದವರಿಗೆ, ಆ ಎತ್ತರ ಬೇಕು. 1933ರಲ್ಲಿ ನಕ್ಷೆ ಬರೆದವರ ಮನಸ್ಸಿನಲ್ಲಿ ಕಾರಿನಿಂದ ಇಳಿದು ಹಾಲಿಗೆ ಹತ್ತುವ ಗಣ್ಯರು ಇದ್ದಿರಬಹುದು. ಮೆಟ್ಟಿಲು ಉಪಕಾರ ಮಾಡಿದ್ದು ಬೇರೆಯವರಿಗೆ.

ದೊಡ್ಡ ದಿನಗಳೂ ಇಲ್ಲಿ ಬಂದು ಹೋಗಿವೆ. 2017ರ ಜೂನ್ ತಿಂಗಳಲ್ಲಿ ಗುಂಪು ಹಲ್ಲೆಗಳ ವಿರುದ್ಧ ದೇಶದ ಹಲವು ಊರುಗಳಲ್ಲಿ ಜನ ಬೀದಿಗೆ ಬಂದಾಗ ಬೆಂಗಳೂರಿನವರು ಸೇರಿದ್ದು ಇಲ್ಲಿ. ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಹತ್ಯೆಯಾದಾಗ ಮರುದಿನ ಜನ ತಾವಾಗಿಯೇ ಬಂದು ನಿಂತದ್ದೂ ಇಲ್ಲಿ. ಅಂತಿಮ ದರ್ಶನ ಪಕ್ಕದ ಕಲಾಕ್ಷೇತ್ರದ ಆವರಣದಲ್ಲಿತ್ತು. 2019ರ ಡಿಸೆಂಬರ್ 19ರಂದು ಊರಿನಲ್ಲಿ ನಿಷೇಧಾಜ್ಞೆ ಇತ್ತು. ಪೌರತ್ವ ಕಾಯ್ದೆಯ ತಿದ್ದುಪಡಿ ವಿರೋಧಿಸಿ ಬಂದವರನ್ನು ಪೊಲೀಸರು ಬಸ್ಸಿಗೆ ಹತ್ತಿಸುತ್ತಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಟೌನ್ ಹಾಲ್ ಮುಂದೆ ಟಿ.ವಿ.ಯವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಅವರನ್ನು ಹಿಡಿದೆಳೆದ ದೃಶ್ಯ ದೇಶವೆಲ್ಲ ನೋಡಿತು. ಆ ನಿಷೇಧಾಜ್ಞೆ ಕಾನೂನಿಗೆ ವಿರುದ್ಧವಾಗಿತ್ತು ಎಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಗುಹಾ ಅವರ ದೃಶ್ಯ ನೋಡಿದಷ್ಟು ಜನ ಆ ತೀರ್ಪನ್ನು ಗಮನಿಸಲಿಲ್ಲ. ನನ್ನ ಮಟ್ಟಿಗೆ ಟೌನ್ ಹಾಲಿನ ಇತಿಹಾಸದಲ್ಲಿ 1935ರ ಉದ್ಘಾಟನೆಯಷ್ಟೇ ದೊಡ್ಡ ದಿನ ಆ ತೀರ್ಪು ಬಂದ ದಿನ.

ಒಂದೇ ಪಾರ್ಕ್

ಆದರೆ ಆ ತೀರ್ಪಿನ ನಂತರ ಬಾಗಿಲು ತೆರೆಯಲಿಲ್ಲ, ಇನ್ನಷ್ಟು ಮುಚ್ಚಿತು. ಮೆರವಣಿಗೆಗಳಿಂದ ಸಂಚಾರಕ್ಕೆ ಆಗುವ ತೊಂದರೆಯ ವಿಚಾರ 2021ರಲ್ಲಿ ಹೈಕೋರ್ಟ್ ಮುಂದೆ ಬಂತು. ಅದೇ ವರ್ಷ ಪ್ರತಿಭಟನೆ, ಮೆರವಣಿಗೆಗಳನ್ನು ನಿಯಂತ್ರಿಸುವ ಪೊಲೀಸ್ ಆದೇಶ ಬಂತು. ಅದರ ಪ್ರಕಾರ ಬೆಂಗಳೂರು ನಗರದಲ್ಲಿ ಪ್ರತಿಭಟನೆ ಮಾಡಲು ಜಾಗ ಒಂದೇ, ಫ್ರೀಡಂ ಪಾರ್ಕ್. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಬೆಂಗಳೂರು ಬಂದ್ ಕರೆದ ದಿನ ಟೌನ್ ಹಾಲ್ ಹತ್ತಿರ ಸೇರಿದವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಕಾವೇರಿ ವಿಷಯಕ್ಕೂ ಆ ಮೆಟ್ಟಿಲು ಸಿಗಲಿಲ್ಲ ಎಂದರೆ ಇನ್ಯಾವುದಕ್ಕೆ ಸಿಕ್ಕೀತು?

ಫ್ರೀಡಂ ಪಾರ್ಕ್ ಬಗ್ಗೆ ನನಗೆ ಅಗೌರವ ಇಲ್ಲ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರಂಥವರನ್ನು ಇಟ್ಟಿದ್ದ ಜೈಲು. 2008ರಲ್ಲಿ ಅದನ್ನು ಪಾರ್ಕ್ ಮಾಡಿ ಜನರಿಗೆ ಬಿಟ್ಟದ್ದು ಒಳ್ಳೇ ಕೆಲಸ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಹಗಲು ರಾತ್ರಿ ಅಲ್ಲಿ ಕೂತಿದ್ದಾರೆ. ದಿನಗಟ್ಟಲೆ ಕೂರುವವರಿಗೆ, ಸಾವಿರಗಟ್ಟಲೆ ಬರುವವರಿಗೆ ಅಂಥ ಜಾಗ ಬೇಕೇ ಬೇಕು. ನನ್ನ ತಕರಾರು ‘ಒಂದೇ’ ಎಂಬುದರ ಬಗ್ಗೆ. ಅಲ್ಲಿಗೆ ಹೋಗುವವರು ಪ್ರತಿಭಟನೆ ಮಾಡುವವರು, ಕಾಯುವ ಪೊಲೀಸರು, ವರದಿ ಮಾಡುವವರು. ಸೇವಂತಿಗೆ ಮೂಟೆಯವರು ಅಲ್ಲಿಗೆ ಹೋಗುವುದಿಲ್ಲ. ಅವರಿಗೆ ಅಲ್ಲಿ ಕೆಲಸ ಇಲ್ಲ.

ಇನ್ನೊಂದು ಕಡೆಯ ಮಾತೂ ನಿಜ. ಅದನ್ನು ಹಗುರಾಗಿ ನೋಡಲು ನನ್ನಿಂದ ಆಗುವುದಿಲ್ಲ. ಟೌನ್ ಹಾಲಿನಿಂದ ಸ್ವಲ್ಪ ದೂರದಲ್ಲೇ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಮೂರೂ ಆಸ್ಪತ್ರೆಗಳಿವೆ. ಆ ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿಬಿದ್ದರೆ ಒಳಗಿರುವವರ ಮನೆಯವರಿಗೆ ಯಾವ ಬೇಡಿಕೆಯೂ ನ್ಯಾಯ ಅನ್ನಿಸುವುದಿಲ್ಲ. ನಮ್ಮ ಪ್ರೆಸ್ಸಿನ ಡೆಲಿವರಿ ಹುಡುಗರು ದೊಡ್ಡ ರ‍್ಯಾಲಿಯ ದಿನ ಎರಡು ಗಂಟೆ ರಸ್ತೆಯಲ್ಲೇ ನಿಂತು ಬರುತ್ತಿದ್ದರು. ದಿನಗೂಲಿಯವರಿಗೆ ಎರಡು ಗಂಟೆ ಎಂದರೆ ಹಣ. ಸಾವಿರಾರು ಜನ ಇಡೀ ರಸ್ತೆ ಹಿಡಿದು ನಡೆಯುವ ಮೆರವಣಿಗೆಗೆ ಕಟ್ಟುಪಾಡು ಬೇಕು ಎಂದರೆ ನಾನು ಒಪ್ಪುತ್ತೇನೆ. ಆದರೆ ಮೆರವಣಿಗೆ ಬೇರೆ, ನಿಲ್ಲುವುದು ಬೇರೆ. ಆ ಹೌಸ್‌ಕೀಪಿಂಗ್ ಹೆಂಗಸರು ರಸ್ತೆಗೆ ಕಾಲಿಡಲಿಲ್ಲ. ಕಟ್ಟಡದ ಮೆಟ್ಟಿಲ ಮೇಲೆ ನಿಂತಿದ್ದರು. ಅವರಿಂದ ಒಂದು ಸೈಕಲ್ಲೂ ನಿಂತಿರಲಿಲ್ಲ. ರಸ್ತೆ ಬಂದ್ ಮಾಡುವವರಿಗೆ ಮಾಡಿದ ನಿಯಮ ಅವರನ್ನೂ ಹೊಡೆದುಹಾಕಿತು.

ಇದರ ಜೊತೆಗೆ ಇನ್ನೊಂದು ವಿಷಯ ಸೇರಿಕೊಂಡಿದೆ. ಪೇ‍ಟೆ, ದಂಡು ಎರಡೂ ಸೇರಿ ಬೆಂಗಳೂರು ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಂದಿನಿಂದ ಊರಿಗೆ ಒಬ್ಬ ಮೇಯರ್, ವಾರ್ಡಿಗೊಬ್ಬ ಕಾರ್ಪೊರೇಟರ್ ಎಂಬ ಏರ್ಪಾಡು. ಚುನಾವಣೆ ಮುಂದೆ ಹೋದದ್ದು, ಆಡಳಿತಾಧಿಕಾರಿ ಬಂದು ಕೂತದ್ದು ಹಿಂದೆಯೂ ಉಂಟು. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ಚುನಾವಣೆ ವರ್ಷ ವರ್ಷ ಮುಂದೆ ಹೋಗುತ್ತಲೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಕೋಟಿ ದಾಟಿದ ಜನ ಇರುವ ಊರಿನಲ್ಲಿ ಐದು ವರ್ಷ ಯಾರಿಗೂ ಕಾರ್ಪೊರೇಟರ್ ಇರಲಿಲ್ಲ. ಚರಂಡಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು? ಆ ಐದು ವರ್ಷದಲ್ಲೇ, ಬೀದಿಯಲ್ಲಿ ನಿಂತು ಹೇಳಬಹುದಾಗಿದ್ದ ಜಾಗವೂ ಹೋಯಿತು. ಎರಡೂ ಯಾರೋ ಕೂತು ಒಟ್ಟಿಗೆ ಯೋಚಿಸಿ ಮಾಡಿದ್ದಲ್ಲ, ನನಗೆ ಗೊತ್ತು. ಆದರೆ ಕಷ್ಟ ಇರುವವರಿಗೆ ಎರಡೂ ಒಟ್ಟಿಗೇ ಬಂದು ತಾಗಿದವು. ಸಭೆಯಲ್ಲೂ ತಮ್ಮ ಪರವಾಗಿ ಮಾತಾಡುವವರಿಲ್ಲ, ಸಭೆಯ ಹೊರಗೂ ಮಾತಾಡುವಂತಿಲ್ಲ.

ಪಾರಂಪರಿಕ ಕಟ್ಟಡಗಳನ್ನು ಉಳಿಸಬೇಕು ಎಂದು ಕಾಳಜಿ ಮಾಡುವ ಗೆಳೆಯರು ನನಗಿದ್ದಾರೆ. ಅವರ ಜೊತೆ ನಡೆದುಕೊಂಡು ಹಳೇ ಕಟ್ಟಡಗಳನ್ನು ನೋಡಿದ್ದೇನೆ, ಅವರಿಂದ ಬಹಳ ಕಲಿತಿದ್ದೇನೆ. ಟೌನ್ ಹಾಲಿಗೆ ರಾತ್ರಿ ಬಣ್ಣದ ದೀಪ ಹಾಕಿದರೆ, ಕಂಬ ತೊಳೆದರೆ, ಮುಂದೆ ಒಂದು ಫಲಕ ನಿಲ್ಲಿಸಿದರೆ ಅವರಿಗೆ ಸಂತೋಷವಾಗುತ್ತದೆ. ನನಗೂ ಆಗುತ್ತದೆ. ಆದರೆ ಇದನ್ನು ಉಳಿಸುವುದು ಎಂದರೆ ಗಾರೆ ಉಳಿಸುವುದಷ್ಟೇ ಅಲ್ಲ. ಮಾವನ ಸಂಘ ಬಾಡಿಗೆ ಕಟ್ಟಿ ಒಳಗೆ ನಾಟಕ ಆಡಿತು, ಬಾಡಿಗೆ ಇಲ್ಲದೆ ಹೊರಗೆ ಕೂತಿತು. ಈ ಎರಡೂ ಆಗುತ್ತಿದ್ದರೆ ಅದು ಟೌನ್ ಹಾಲ್. ಒಂದೂ ಆಗದಿದ್ದರೆ ಬಸ್ ಸ್ಟಾಪಿನ ಹೆಸರು.

ಹಾಗಾಗಿ ನಾನು ಕೇಳುವುದು ತೀರಾ ದೊಡ್ಡದೇನಲ್ಲ. 2021ರ ಆದೇಶ ವಿಧಾನಸಭೆಯಲ್ಲಿ ಆದ ಶಾಸನವಲ್ಲ, ಪೊಲೀಸ್ ಆದೇಶ. ಸರ್ಕಾರ ಮನಸ್ಸು ಮಾಡಿದರೆ, ಹೈಕೋರ್ಟಿಗೆ ಸರಿಯಾಗಿ ವಿವರಿಸಿ, ಅದನ್ನು ತಿದ್ದಬಹುದು. ಮೆರವಣಿಗೆಗೆ ಇರುವ ನಿಯಮ ಹಾಗೇ ಇರಲಿ. ನೂರು ಜನದವರೆಗಿನ ಗುಂಪು, ಮೈಕ್ ಇಲ್ಲದೆ, ರಸ್ತೆಗೆ ಇಳಿಯದೆ, ಒಂದು ದಿನ ಮೊದಲು ಠಾಣೆಗೆ ತಿಳಿಸಿ, ಎರಡು ಗಂಟೆ ಟೌನ್ ಹಾಲ್ ಮೆಟ್ಟಿಲ ಮೇಲೆ ನಿಲ್ಲಬಹುದು ಎಂದು ಒಂದು ಸಾಲು ಸೇರಿಸಿದರೆ ಸಾಕು. ಬೆಳಗಿನ, ಸಂಜೆಯ ಆಫೀಸ್ ಹೊತ್ತು ಬೇಡ ಎಂದರೂ ಸರಿ. ಒಂದೇ ದಿನ ಇಬ್ಬರು ಕೇಳಿದರೆ ಮೊದಲು ತಿಳಿಸಿದವರಿಗೆ ಕೊಡಲಿ. ಐದು ಪಾಲಿಕೆಗಳಿಗೆ ಚುನಾವಣೆ ಆಗಿ ಹೊಸ ಸದಸ್ಯರು ಬರುವಾಗ, ಮತ ಕೇಳಿಕೊಂಡು ನಮ್ಮ ಬೀದಿಗೆ ಬರುವವರ ಹತ್ತಿರ ನಾನು ಚರಂಡಿ, ಕಸ, ನೀರಿನ ಜೊತೆಗೆ ಇದನ್ನೂ ಕೇಳುತ್ತೇನೆ. ನೀವೂ ಕೇಳಿ.